ಖಾಲಿ ಡಬ್ಬಿಯಿಂದ ಗಾಳಿಯ ಒತ್ತಡ ಅಳೆದ ಲೂಸಿಯನ್ ವೀಡಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ವರವು ಕಾವಲ್ ಎಂಬ ಜಾಗವಿದೆ. ಕಾವಲ್ ಎಂದರೆ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮಕ್ಕಳಿಗೆ ಇಂಥ ಬಯಲುಗಳು ಚೆನ್ನಾಗಿ ಗೊತ್ತು. ಕುರಿ, ದನ ಮೇಯುತ್ತಿದ್ದ ಈ ಬಯಲಿನಲ್ಲಿ 2017ರಲ್ಲಿ ವಿಮಾನಗಳನ್ನು ಪರೀಕ್ಷಿಸುವ ಕೇಂದ್ರವೊಂದು ಉದ್ಘಾಟನೆಯಾಯಿತು. ಇದು ನಮ್ಮ ದೇಶದ ರಕ್ಷಣಾ ಸಂಶೋಧನೆ ನಡೆಸುವ ಡಿಆರ್‌ಡಿಒ ಸಂಸ್ಥೆಗೆ ಸೇರಿದೆ. ಪೈಲಟ್ ಇಲ್ಲದೆ ಹಾರುವ ವಿಮಾನಗಳನ್ನು ಇಲ್ಲಿ ಹಾರಿಸಿ ನೋಡುತ್ತಾರೆ.

2023ರ ಏಪ್ರಿಲ್ 2ರ ಬೆಳಿಗ್ಗೆ ಇಲ್ಲಿ ಒಂದು ವಿಶೇಷ ನಡೆಯಿತು. ಮತ್ತೆ ಮತ್ತೆ ಬಳಸಬಹುದಾದ ರಾಕೆಟ್ ವಾಹನದ ಮಾದರಿಯೊಂದನ್ನು ಇಸ್ರೊ ವಿಜ್ಞಾನಿಗಳು ಹೆಲಿಕಾಪ್ಟರಿಗೆ ತೂಗುಹಾಕಿ, ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು. ಅದರೊಳಗೆ ಯಾರೂ ಇರಲಿಲ್ಲ. ಆದರೂ ಅದು ತಾನೇ ದಾರಿ ಸರಿಪಡಿಸಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು.

ಮಕ್ಕಳೇ, ಕಣ್ಣಿಲ್ಲದ ಯಂತ್ರಕ್ಕೆ ತಾನು ಎಷ್ಟು ಎತ್ತರದಲ್ಲಿದ್ದೇನೆ, ಎಷ್ಟು ವೇಗವಾಗಿ ಹೋಗುತ್ತಿದ್ದೇನೆ ಎಂಬುದು ತಿಳಿಯುವುದು ಹೇಗೆ? ಅದಕ್ಕೆ ಹಲವು ಸಾಧನಗಳು ನೆರವಾಗುತ್ತವೆ. ಅವುಗಳಲ್ಲಿ ಒಂದು, ಗಾಳಿಯ ಒತ್ತಡವನ್ನು ಅಳೆಯುವ ಸಾಧನ. ಇಂಥ ಸಾಧನಗಳ ವಂಶವೃಕ್ಷವನ್ನು ಹುಡುಕುತ್ತ ಹೋದರೆ ಒಂದು ಖಾಲಿ ಲೋಹದ ಡಬ್ಬಿ ಸಿಗುತ್ತದೆ. ಅದನ್ನು ಮಾಡಿದವನು ಕಾನೂನು ಓದಿದ ಒಬ್ಬ ವಕೀಲ. ಅವನ ಹೆಸರು ಲೂಸಿಯನ್ ವೀಡಿ.

ಗಾಳಿಗೂ ಭಾರವಿದೆ

ವೀಡಿಯ ಕೆಲಸ ಅರ್ಥವಾಗಬೇಕಾದರೆ ಮೊದಲು ಒಂದು ವಿಷಯ ತಿಳಿದಿರಬೇಕು. ನಮ್ಮ ತಲೆಯ ಮೇಲೆ ಹಲವಾರು ಕಿಲೋಮೀಟರ್ ಎತ್ತರದವರೆಗೆ ಗಾಳಿ ತುಂಬಿದೆ. ಗಾಳಿಗೆ ಭಾರವಿದೆ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರ್ ಜಾಗವನ್ನೂ ಅದು ಸುಮಾರು ಒಂದು ಕಿಲೋಗ್ರಾಂ ಭಾರ ಹೇರಿದಷ್ಟು ಬಲದಿಂದ ಒತ್ತುತ್ತದೆ. ನಮ್ಮ ದೇಹದೊಳಗಿನ ಒತ್ತಡವೂ ಅಷ್ಟೇ ಇರುವುದರಿಂದ ಇದು ನಮಗೆ ಗೊತ್ತಾಗುವುದಿಲ್ಲ.

ಇಟಲಿಯ ಟಾರಿಸೆಲ್ಲಿ 1643ರಲ್ಲಿ ಈ ಒತ್ತಡವನ್ನು ಅಳೆಯುವ ದಾರಿ ತೋರಿಸಿದ. ಒಂದು ತುದಿ ಮುಚ್ಚಿದ ಉದ್ದನೆಯ ಗಾಜಿನ ಕೊಳವೆಯಲ್ಲಿ ಪಾದರಸ ತುಂಬಿ, ಅದನ್ನು ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ, ಪಾದರಸ ಪೂರ್ತಿ ಕೆಳಗೆ ಬೀಳದೆ ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲುತ್ತದೆ. ಬಟ್ಟಲಿನ ಪಾದರಸವನ್ನು ಹೊರಗಿನ ಗಾಳಿ ಒತ್ತುವುದೇ ಇದಕ್ಕೆ ಕಾರಣ. ಇದೇ ವಾಯುಭಾರ ಮಾಪಕ.

1648ರಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ತನ್ನ ಭಾವನ ಕೈಯಲ್ಲಿ ಇಂಥ ಮಾಪಕವನ್ನು ಬೆಟ್ಟದ ತುದಿಗೆ ಕಳುಹಿಸಿದ. ಮೇಲೆ ಹೋದಾಗ ಪಾದರಸದ ಮಟ್ಟ ಸುಮಾರು 8 ಸೆಂಟಿಮೀಟರ್ ಇಳಿಯಿತು. ಎತ್ತರಕ್ಕೆ ಹೋದಂತೆ ನಮ್ಮ ಮೇಲಿರುವ ಗಾಳಿ ಕಡಿಮೆಯಾಗುತ್ತದೆ, ಒತ್ತಡವೂ ಕಡಿಮೆಯಾಗುತ್ತದೆ ಎಂಬುದು ಇದರಿಂದ ಖಚಿತವಾಯಿತು.

ಆದರೆ ಪಾದರಸದ ಮಾಪಕದಲ್ಲಿ ತೊಂದರೆಗಳಿದ್ದವು. ಅದು ಹೆಚ್ಚು ಕಡಿಮೆ ಒಂದು ಮೀಟರ್ ಉದ್ದ. ಗಾಜು ಒಡೆಯುತ್ತದೆ. ಪಾದರಸ ಬಹಳ ಭಾರ, ವಿಷಕಾರಿಯೂ ಹೌದು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಅಲುಗಾಡದೆ ನೆಟ್ಟಗೆ ನಿಲ್ಲಬೇಕು. ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ಬಿರುಗಾಳಿ ಬರುವ ಸೂಚನೆ. ಆದ್ದರಿಂದ ಈ ಮಾಪಕ ಹೆಚ್ಚು ಬೇಕಾಗಿದ್ದುದು ಹಡಗಿನವರಿಗೆ. ಅಲೆಗಳ ಮೇಲೆ ಹೊಯ್ದಾಡುವ ಹಡಗಿನಲ್ಲಿ ಪಾದರಸವೂ ಕೊಳವೆಯಲ್ಲಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಜೀವ ಉಳಿಸಬೇಕಾದ ಸಾಧನವನ್ನು ಬೇಕಾದ ಹೊತ್ತಿನಲ್ಲೇ ಓದಲಾಗುತ್ತಿರಲಿಲ್ಲ.

ಬಂದರಿನ ಊರಿನ ವಕೀಲ

ಲೂಸಿಯನ್ ವೀಡಿ ಹುಟ್ಟಿದ್ದು 1805ರಲ್ಲಿ, ಫ್ರಾನ್ಸಿನ ನಾಂತ್ ಎಂಬ ಊರಿನಲ್ಲಿ. ಅದು ಲ್ವಾರ್ ನದಿಯ ದಡದ ದೊಡ್ಡ ಬಂದರು. ವೀಡಿ ಕಾನೂನು ಓದಿ ವಕೀಲನಾದ. ಆದರೆ ಅವನ ಮನಸ್ಸು ಕಾನೂನಿನ ಪುಸ್ತಕಗಳಿಗಿಂತ ಯಂತ್ರಗಳ ಕಡೆಗೆ ಹೆಚ್ಚು ಎಳೆಯುತ್ತಿತ್ತು.

ಅದು ಉಗಿ ಯಂತ್ರಗಳ ಕಾಲ. ಗಿರಣಿಗಳು, ರೈಲುಗಳು, ಹಡಗುಗಳು ಉಗಿಯ ಬಲದಿಂದ ಓಡತೊಡಗಿದ್ದವು. ಬಾಯ್ಲರಿನಲ್ಲಿ ನೀರು ಕುದಿಸಿ ಉಗಿ ಮಾಡಬೇಕು. ಒಳಗಿನ ಒತ್ತಡ ಕಡಿಮೆಯಾದರೆ ಯಂತ್ರ ನಿಲ್ಲುತ್ತದೆ. ಮಿತಿ ಮೀರಿದರೆ ಬಾಯ್ಲರ್ ಸಿಡಿದು ಸುತ್ತಲಿದ್ದವರ ಪ್ರಾಣ ಹೋಗುತ್ತದೆ. ಆ ಕಾಲದಲ್ಲಿ ಇಂಥ ಅಪಘಾತಗಳು ಬಹಳ ಆಗುತ್ತಿದ್ದವು. ಬಾಯ್ಲರ್ ಒಳಗಿನ ಉಗಿಯ ಒತ್ತಡ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಣುವಂತೆ ಮಾಡುವುದು ಹೇಗೆ ಎಂಬುದೇ ಎಂಜಿನಿಯರುಗಳ ಮುಂದಿದ್ದ ಪ್ರಶ್ನೆ. ಒತ್ತಡದ ಈ ಪ್ರಶ್ನೆ ವೀಡಿಯನ್ನೂ ಹಿಡಿದುಕೊಂಡಿತು.

ತಿದಿಯ ಹಳೆಯ ಕನಸು

ನೀವು ಕಮ್ಮಾರರ ಕುಲುಮೆಯಲ್ಲಿ ತಿದಿಯನ್ನು ನೋಡಿರಬಹುದು. ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ. ಭಜನೆಯಲ್ಲಿ ನುಡಿಸುವ ಹಾರ್ಮೋನಿಯಂ ಪೆಟ್ಟಿಗೆಯ ಹಿಂಬದಿಯಲ್ಲೂ ಮಡಿಕೆ ಮಡಿಕೆಯಾದ ತಿದಿ ಇರುತ್ತದೆ. ಅದನ್ನು ನಾವು ಕೈಯಿಂದ ಒತ್ತುತ್ತೇವೆ. ಕೈಯ ಬದಲು ಸುತ್ತಲಿನ ಗಾಳಿಯೇ ತಿದಿಯನ್ನು ಒತ್ತುವಂತೆ ಮಾಡಿದರೆ?

ಈ ಯೋಚನೆ 1700ರ ಆಸುಪಾಸಿನಲ್ಲೇ ಜರ್ಮನಿಯ ಪ್ರಸಿದ್ಧ ಗಣಿತಜ್ಞ ಲೈಬ್ನಿಟ್ಸ್‌ಗೆ ಬಂದಿತ್ತು. ಬಾಯಿ ಮುಚ್ಚಿದ ಒಂದು ಪುಟ್ಟ ತಿದಿ ಇದ್ದರೆ ಗಾಳಿಯ ಭಾರ ಹೆಚ್ಚಿದಾಗ ಅದು ತಾನಾಗಿ ಕುಗ್ಗುತ್ತದೆ, ಕಡಿಮೆಯಾದಾಗ ಹಿಗ್ಗುತ್ತದೆ ಎಂದು ಅವನು ಗೆಳೆಯನಿಗೆ ಪತ್ರದಲ್ಲಿ ವಿವರಿಸಿದ್ದ. ಪಾದರಸವೇ ಬೇಡ! ಆದರೆ ಚರ್ಮದ ತಿದಿಯಲ್ಲಿ ಗಾಳಿ ಸೋರುತ್ತದೆ. ಗಾಳಿ ಸೋರದಂಥ, ಒತ್ತಿದಷ್ಟೇ ಬಾಗಿ ಬಿಟ್ಟ ಕೂಡಲೇ ಮೊದಲಿನಂತಾಗುವ ವಸ್ತು ಬೇಕಾಗಿತ್ತು. ಆ ಯೋಚನೆ ನೂರಕ್ಕೂ ಹೆಚ್ಚು ವರ್ಷ ಹಾಗೇ ಉಳಿಯಿತು.

ವೀಡಿಯ ಡಬ್ಬಿ

ವೀಡಿ ಆರಿಸಿಕೊಂಡದ್ದು ತೆಳುವಾದ ಲೋಹದ ತಗಡು. ಅವನು ಚಪ್ಪಟೆಯಾದ ಒಂದು ದುಂಡು ಡಬ್ಬಿ ಮಾಡಿದ. ಅದರೊಳಗಿನ ಗಾಳಿಯನ್ನು ಹೊರತೆಗೆದು ಬೆಸುಗೆ ಹಾಕಿ ಮುಚ್ಚಿದ. ಈಗ ಒಳಗಿನಿಂದ ತಳ್ಳುವ ಗಾಳಿ ಇಲ್ಲ. ಹೊರಗಿನ ಗಾಳಿ ಮಾತ್ರ ಒತ್ತುತ್ತದೆ.

ಇಲ್ಲೊಂದು ಲೆಕ್ಕ ಮಾಡೋಣ. ಡಬ್ಬಿಯ ಮುಚ್ಚಳ 10 ಸೆಂಟಿಮೀಟರ್ ಅಗಲವಿದ್ದರೆ ಅದರ ವಿಸ್ತೀರ್ಣ ಸುಮಾರು 78 ಚದರ ಸೆಂಟಿಮೀಟರ್. ಅಂದರೆ ಅದರ ಮೇಲೆ ಬೀಳುವ ಗಾಳಿಯ ಭಾರ ಹತ್ತಿರ ಹತ್ತಿರ 80 ಕಿಲೋ. ಒಬ್ಬ ದಪ್ಪ ಮನುಷ್ಯ ಹತ್ತಿ ನಿಂತ ಹಾಗೆ! ತೆಳು ತಗಡಿನ ಖಾಲಿ ಡಬ್ಬಿ ಅಪ್ಪಚ್ಚಿಯಾಗಬೇಕಲ್ಲವೆ? ಹಾಗಾಗದಂತೆ ವೀಡಿ ಸ್ಪ್ರಿಂಗುಗಳ ಆಸರೆ ಕೊಟ್ಟ. ಗಾಳಿ ಡಬ್ಬಿಯನ್ನು ಅದುಮುತ್ತದೆ, ಸ್ಪ್ರಿಂಗುಗಳು ಅದನ್ನು ಹಿಗ್ಗಿಸಿ ಹಿಡಿಯುತ್ತವೆ. ಎರಡೂ ಸಮನಾದ ಕಡೆ ಮುಚ್ಚಳ ನಿಲ್ಲುತ್ತದೆ. ಗಾಳಿಯ ಒತ್ತಡ ಸ್ವಲ್ಪ ಬದಲಾದರೂ ಮುಚ್ಚಳ ಸ್ವಲ್ಪ ಸರಿಯುತ್ತದೆ.

ಅವನ ಇನ್ನೊಂದು ಜಾಣತನ ಮುಚ್ಚಳದ ಆಕಾರದಲ್ಲಿತ್ತು. ನುಣ್ಣಗಿನ ತಗಡು ಸುಲಭವಾಗಿ ಬಾಗುವುದಿಲ್ಲ. ಅದೇ ತಗಡಿನಲ್ಲಿ, ಕೊಳಕ್ಕೆ ಕಲ್ಲು ಹಾಕಿದಾಗ ಏಳುವ ಅಲೆಗಳಂತೆ ಒಂದರ ಸುತ್ತ ಒಂದು ಉಂಗುರದ ಮಡಿಕೆಗಳನ್ನು ಮಾಡಿದರೆ, ಮುಚ್ಚಳ ಸರಾಗವಾಗಿ ಒಳಗೆ ಹೊರಗೆ ಆಡುತ್ತದೆ.

ಈ ಚಲನೆ ಕಣ್ಣಿಗೆ ಕಾಣದಷ್ಟು ಚಿಕ್ಕದು. ಆದ್ದರಿಂದ ಮುಚ್ಚಳಕ್ಕೆ ಸನ್ನೆಕೋಲುಗಳನ್ನು ಜೋಡಿಸಿ, ಅವುಗಳ ತುದಿಗೆ ಒಂದು ಮುಳ್ಳನ್ನು ಕೂಡಿಸಿದ್ದಾಯಿತು. ಸನ್ನೆಯ ಚಿಕ್ಕ ತೋಳು ಕೂದಲೆಳೆಯಷ್ಟು ಸರಿದರೆ ಉದ್ದ ತೋಳು ಬಹಳ ಹೆಚ್ಚು ಸರಿಯುತ್ತದೆ. ಹೀಗೆ ಹಲವು ಪಟ್ಟು ಹಿಗ್ಗಿದ ಚಲನೆಯಿಂದ ಮುಳ್ಳು ಗಡಿಯಾರದ ಮುಖದಂಥ ತಟ್ಟೆಯ ಮೇಲೆ ತಿರುಗಿ ಅಂಕಿ ತೋರಿಸುತ್ತದೆ.

1844ರಲ್ಲಿ ವೀಡಿ ಇದಕ್ಕೆ ಪೇಟೆಂಟ್ ಪಡೆದ. ಹೊಸದಾಗಿ ಕಂಡುಹಿಡಿದದ್ದನ್ನು ಇಷ್ಟು ವರ್ಷ ತನ್ನ ಒಪ್ಪಿಗೆ ಇಲ್ಲದೆ ಬೇರೆಯವರು ಮಾಡಿ ಮಾರಬಾರದು ಎಂದು ಸರ್ಕಾರ ಕೊಡುವ ಹಕ್ಕೇ ಪೇಟೆಂಟ್. ಅವನ ಸಾಧನಕ್ಕೆ ಅನೆರಾಯ್ಡ್ ಎಂದು ಹೆಸರಾಯಿತು. ಗ್ರೀಕ್ ಭಾಷೆಯಿಂದ ಬಂದ ಈ ಪದಕ್ಕೆ ದ್ರವವಿಲ್ಲದ್ದು ಎಂದು ಅರ್ಥ. ನಮ್ಮ ಪಠ್ಯಪುಸ್ತಕಗಳಲ್ಲಿ ಇದನ್ನೇ ನಿರ್ದ್ರವ ವಾಯುಭಾರ ಮಾಪಕ ಎನ್ನುತ್ತೇವೆ.

ಪರದೇಶದಲ್ಲಿ ಮನ್ನಣೆ, ಊರಿನಲ್ಲಿ ಕೋರ್ಟು

ಹೊಸ ಸಾಧನವನ್ನು ಫ್ರಾನ್ಸಿನಲ್ಲಿ ಜನ ಬೇಗ ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಹಾಗಾಗಲಿಲ್ಲ. ಲಂಡನ್ನಿನ ಹೆಸರಾಂತ ಗಡಿಯಾರ ತಯಾರಕ ಡೆಂಟ್ ಅದನ್ನು ಮೆಚ್ಚಿ, ಅದರ ಬಗ್ಗೆ 1849ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನದಲ್ಲೂ ಅದು ಜನರ ಕಣ್ಣಿಗೆ ಬಿತ್ತು. ಅಲುಗಾಡುವ ಹಡಗಿನಲ್ಲೂ ಓದಬಹುದಾದ, ಕೈಯಲ್ಲಿ ಹಿಡಿದು ಬೆಟ್ಟ ಹತ್ತಬಹುದಾದ ಮಾಪಕ ಕೊನೆಗೂ ಬಂದಿತ್ತು.

ಇಷ್ಟರಲ್ಲಿ ಇನ್ನೊಬ್ಬನ ಪ್ರವೇಶವಾಯಿತು. ಪ್ಯಾರಿಸಿನ ಎಂಜಿನಿಯರ್ ಯೂಜೀನ್ ಬೂರ್ಡಾನ್ 1849ರಲ್ಲಿ ತನ್ನದೇ ಒಂದು ಒತ್ತಡ ಮಾಪಕಕ್ಕೆ ಪೇಟೆಂಟ್ ಪಡೆದ. ಅವನದು ಡಬ್ಬಿಯಲ್ಲ, ಬಾಗಿದ ಚಪ್ಪಟೆ ಕೊಳವೆ. ಒಳಗೆ ಒತ್ತಡ ಹೆಚ್ಚಾದರೆ ಕೊಳವೆ ನೆಟ್ಟಗಾಗಲು ನೋಡುತ್ತದೆ. ಅದರ ತುದಿಗೆ ಜೋಡಿಸಿದ ಮುಳ್ಳು ತಿರುಗುತ್ತದೆ. ಜಾತ್ರೆಯಲ್ಲಿ ಊದಿದರೆ ಬಿಚ್ಚಿಕೊಳ್ಳುವ ಕಾಗದದ ಪೀಪಿಯನ್ನು ನೆನಪಿಸಿಕೊಳ್ಳಿ.

ಟೊಳ್ಳಾದ ಲೋಹವು ಒತ್ತಡಕ್ಕೆ ಆಕಾರ ಬದಲಿಸುವುದನ್ನೇ ಬಳಸಿ ಅಳೆಯುವ ತತ್ವ ತನ್ನದು, ಬೂರ್ಡಾನ್ ಅದನ್ನೇ ಬಳಸಿದ್ದಾನೆ ಎಂದು ವೀಡಿ ದಾವೆ ಹೂಡಿದ. ಮೊದಲು ತೀರ್ಪು ಅವನ ವಿರುದ್ಧವಾಯಿತು. ಅವನು ಬಿಡಲಿಲ್ಲ. 1850ರ ದಶಕದಲ್ಲಿ ಹಲವು ವರ್ಷ ಕೋರ್ಟಿಗೆ ಅಲೆದ. ಕೊನೆಗೆ ತೀರ್ಪು ವೀಡಿಯ ಪರವಾಗಿ ಬಂತು.

ಯಾರು ಸರಿ? ಇಂದು ನೋಡಿದರೆ ಇಬ್ಬರ ಸಾಧನಗಳೂ ನಮಗೆ ಬೇಕಾಗಿವೆ. ಗಟ್ಟಿ ಕೊಳವೆಯುಳ್ಳ ಬೂರ್ಡಾನ್ ಮಾಪಕ ಬಾಯ್ಲರಿನಂಥ ಹೆಚ್ಚಿನ ಒತ್ತಡಕ್ಕೆ ಒಳ್ಳೆಯದು. ಅಕ್ಕಿ ಗಿರಣಿಯ ಬಾಯ್ಲರಿನ ಮೇಲೆ ಕಾಣುವ ದುಂಡು ಮಾಪಕದೊಳಗೆ ಸಾಮಾನ್ಯವಾಗಿ ಇರುವುದು ಬೂರ್ಡಾನ್ ಕೊಳವೆಯೇ. ಆದರೆ ಕಡಿಮೆ ಒತ್ತಡವನ್ನು, ಅದರಲ್ಲಿನ ಸೂಕ್ಷ್ಮ ಏರಿಳಿತವನ್ನು ಅಳೆಯಲು ವೀಡಿಯ ದಾರಿಯೇ ಮೇಲು.

ಆಕಾಶದಲ್ಲಿ ಪರೀಕ್ಷೆ

1862ರ ಸೆಪ್ಟೆಂಬರ್ 5ರಂದು ಇಂಗ್ಲೆಂಡಿನ ಹವಾಮಾನ ವಿಜ್ಞಾನಿ ಗ್ಲೇಷರ್ ಮತ್ತು ಬಲೂನು ಹಾರಿಸುವ ಕಾಕ್ಸ್‌ವೆಲ್ ಬಲೂನಿನಲ್ಲಿ ಮೇಲೇರಿದರು. ಜೊತೆಯಲ್ಲಿ ಒಂದು ಅನೆರಾಯ್ಡ್ ಮಾಪಕವೂ ಇತ್ತು. ಬಲೂನು ಎಂಟು ಕಿಲೋಮೀಟರಿಗಿಂತ ಮೇಲೆ ಹೋಯಿತು. ಅಷ್ಟು ಎತ್ತರದಲ್ಲಿ ಗಾಳಿ ಉಸಿರಾಟಕ್ಕೂ ಸಾಲದು. ಗ್ಲೇಷರ್ ಪ್ರಜ್ಞೆ ತಪ್ಪಿದ. ಕಾಕ್ಸ್‌ವೆಲ್‌ನ ಕೈಗಳು ಚಳಿಗೆ ಮರಗಟ್ಟಿದವು. ಅವನು ಹಲ್ಲಿನಿಂದ ಹಗ್ಗ ಕಚ್ಚಿ ಎಳೆದು, ಬಲೂನಿನ ಗಾಳಿ ಬಿಟ್ಟು ಕೆಳಗಿಳಿಸಿದ. ಆ ಸಂಕಟದಲ್ಲೂ ಮಾಪಕದ ಮುಳ್ಳು ಎಲ್ಲಿ ನಿಂತಿತ್ತು ಎಂಬುದನ್ನು ಅವನು ಗಮನಿಸಿದ್ದ. ತಾವು ತಲುಪಿದ ಎತ್ತರವನ್ನು ಅಂದಾಜು ಮಾಡಲು ಅದೂ ನೆರವಾಯಿತು.

ಆಗ ವೀಡಿ ಬದುಕಿದ್ದ. 1866ರಲ್ಲಿ ಅವನು ತೀರಿಕೊಂಡ. ಅವನ ಡಬ್ಬಿ ಮಾತ್ರ ಬೆಳೆಯುತ್ತ ಹೋಯಿತು.

ಡಬ್ಬಿಯಿಂದ ಲೋಹದ ತಿದಿಗೆ

ಒಂದು ಡಬ್ಬಿಯ ಮುಚ್ಚಳ ಬಹಳ ಸ್ವಲ್ಪ ಆಡುತ್ತದೆ. ಹಲವು ಮಡಿಕೆಗಳನ್ನು ಒಂದರ ಮೇಲೊಂದು ಜೋಡಿಸಿದರೆ ಎಲ್ಲ ಮಡಿಕೆಗಳ ಚಲನೆಯೂ ಸೇರಿ ಹೆಚ್ಚಾಗುತ್ತದೆ. ಆಗ ಅದು ಹಾರ್ಮೋನಿಯಂ ತಿದಿಯಂತೆಯೇ ಕಾಣುತ್ತದೆ, ಆದರೆ ಲೋಹದ್ದು. ಅಮೆರಿಕದ ನಾಕ್ಸ್‌ವಿಲ್ ಊರಿನಲ್ಲಿ ಹವಾಮಾನ ಇಲಾಖೆಯ ನೌಕರನಾಗಿದ್ದ ವೆಸ್ಟನ್ ಫುಲ್ಟನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲ್ಲೂ ಬೆಸುಗೆಯ ಜೋಡಣೆ ಇಲ್ಲದ ಲೋಹದ ತಿದಿಯನ್ನು ರೂಪಿಸಿದ. ಬೆಸುಗೆ ಇಲ್ಲದ್ದರಿಂದ ಸೋರುವ ಭಯವೂ ಕಡಿಮೆ. ಲೈಬ್ನಿಟ್ಸ್ ಕಂಡ ಕನಸು ಇನ್ನೂರು ವರ್ಷಗಳ ನಂತರ ಕಾರ್ಖಾನೆಗಳಿಗೆ ಕಾಲಿಟ್ಟಿತು.

ಕಾರ್ಖಾನೆಯಲ್ಲಿ ಲೋಹದ ತಿದಿ ಹೀಗೆ ಕೆಲಸ ಮಾಡುತ್ತದೆ:

• ತಿದಿಯ ಒಂದು ತುದಿಯನ್ನು ಅಲುಗದಂತೆ ಕೂಡಿಸಿರುತ್ತಾರೆ. ಇನ್ನೊಂದು ತುದಿ ಮುಚ್ಚಿದ್ದು, ಆಡಲು ಬಿಡುವಿರುತ್ತದೆ.

• ಅಳೆಯಬೇಕಾದ ಗಾಳಿ, ಅನಿಲ ಅಥವಾ ದ್ರವವನ್ನು ಸಣ್ಣ ಕೊಳವೆಯ ಮೂಲಕ ತಿದಿಯೊಳಗೆ ಬಿಡುತ್ತಾರೆ. ಒತ್ತಡ ಹೆಚ್ಚಿದಷ್ಟೂ ತಿದಿ ಉದ್ದವಾಗುತ್ತದೆ.

• ಜೊತೆಗಿರುವ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹೆಚ್ಚಿನ ಒತ್ತಡ ಅಳೆಯಲು ಗಟ್ಟಿ ಸ್ಪ್ರಿಂಗ್, ಕಡಿಮೆ ಒತ್ತಡಕ್ಕೆ ಮೃದು ಸ್ಪ್ರಿಂಗ್.

• ತಿದಿಯ ತುದಿಗೆ ಕೂಡಿಸಿದ ಸನ್ನೆ ಮುಳ್ಳನ್ನು ತಿರುಗಿಸುತ್ತದೆ. ಮುಳ್ಳಿನ ಬದಲು ವಿದ್ಯುತ್ ಸ್ವಿಚ್ ಇಟ್ಟರೆ, ಒತ್ತಡ ಮಿತಿ ಮೀರಿದ ಕೂಡಲೇ ಯಂತ್ರ ತಾನೇ ನಿಲ್ಲುವಂತೆ ಮಾಡಬಹುದು.

ಎರಡು ತಿದಿಗಳನ್ನು ಎದುರುಬದುರಾಗಿ ಇಟ್ಟರೆ ಎರಡು ಕಡೆಯ ಒತ್ತಡಗಳ ವ್ಯತ್ಯಾಸವನ್ನೂ ಅಳೆಯಬಹುದು. ಅವುಗಳಲ್ಲಿ ಒಂದನ್ನು ವೀಡಿಯ ಡಬ್ಬಿಯಂತೆ ಪೂರ್ತಿ ಖಾಲಿ ಮಾಡಿ ಮುಚ್ಚಿದರೆ, ಹೊರಗಿನ ಹವೆ ಹೇಗೇ ಬದಲಾದರೂ ಅಳತೆ ಕೆಡುವುದಿಲ್ಲ.

ಸಕ್ಕರೆ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಕಬ್ಬಿನ ಹಾಲನ್ನು ಗಾಳಿ ತೆಗೆದ ದೊಡ್ಡ ಪಾತ್ರೆಗಳಲ್ಲಿ ಕಾಯಿಸುತ್ತಾರೆ. ಒತ್ತಡ ಕಡಿಮೆ ಇದ್ದರೆ ಅದು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಸಕ್ಕರೆ ಸೀದು ಹೋಗುವುದಿಲ್ಲ. ಪಾತ್ರೆಯೊಳಗಿನ ಒತ್ತಡವನ್ನು ಸದಾ ಗಮನಿಸುತ್ತಿರಲೇಬೇಕು.

ಲೋಹದ ತಿದಿಗೂ ಮಿತಿಗಳಿವೆ. ಅಳತೆ ಮೀರಿ ಒತ್ತಿದರೆ ಅದು ಹಿಗ್ಗಿದ ಹಾಗೇ ಉಳಿದುಬಿಡುತ್ತದೆ. ಲಕ್ಷಾಂತರ ಸಲ ಹಿಗ್ಗಿ ಕುಗ್ಗಿದರೆ ದಣಿದು ಬಿರುಕು ಬಿಡುತ್ತದೆ. ಬಿಸಿಗೆ ಲೋಹ ಮೆತ್ತಗಾದರೆ ಮುಳ್ಳು ತಪ್ಪು ತೋರಿಸುತ್ತದೆ. ಆದ್ದರಿಂದ ಇಂಥ ಮಾಪಕಗಳನ್ನು ಆಗಾಗ ಸರಿಯಾದ ಇನ್ನೊಂದು ಮಾಪಕದ ಜೊತೆಗೆ ಹೋಲಿಸಿ ನೋಡಬೇಕು. ತಕ್ಕಡಿಯ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಹಾಗೆಯೇ ಇದು.

ನಿಮ್ಮ ಸುತ್ತಮುತ್ತ

ವೀಡಿಯ ಡಬ್ಬಿಯ ವಂಶದವರು ನಿಮ್ಮ ಊರಿನಲ್ಲೂ ಇದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ನೋಡಲು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಾರಲ್ಲ, ಅದರ ಮುಳ್ಳಿನ ಮಾಪಕದೊಳಗೆ ಮಡಿಕೆಯ ಪುಟ್ಟ ಲೋಹದ ಡಬ್ಬಿ ಇರುತ್ತದೆ.

ವಿಮಾನದ ಎತ್ತರ ಮಾಪಕದಲ್ಲೂ ಇಂಥ ಖಾಲಿ ಡಬ್ಬಿಗಳೇ ದಶಕಗಳ ಕಾಲ ಕೆಲಸ ಮಾಡಿವೆ. ನೆಲದ ಹತ್ತಿರ ಸುಮಾರು 11 ಮೀಟರ್ ಮೇಲೇರಿದರೆ ಪಾದರಸದ ಮಟ್ಟ ಒಂದು ಮಿಲಿಮೀಟರ್ ಇಳಿಯುವಷ್ಟು ಒತ್ತಡ ತಗ್ಗುತ್ತದೆ. ಸಮುದ್ರಮಟ್ಟದಲ್ಲಿ 76 ಸೆಂಟಿಮೀಟರ್ ಇರುವ ಪಾದರಸ, ಚಳ್ಳಕೆರೆಯ ಎತ್ತರದಲ್ಲಿ 71 ಸೆಂಟಿಮೀಟರಿನ ಆಸುಪಾಸಿಗೆ ಬರುತ್ತದೆ. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಅದು 43ರ ಸುಮಾರಿಗೆ ಇಳಿಯುತ್ತದೆ. ಹಾಗಾಗಿ ಒತ್ತಡ ತಿಳಿದರೆ ಎತ್ತರ ತಿಳಿದಂತೆ.

ವರವು ಕಾವಲಿನಲ್ಲಿ ಇಳಿದ ಇಸ್ರೊ ವಾಹನದ ಮೂತಿಯಲ್ಲಿ ಪುಟ್ಟ ರಂಧ್ರಗಳಿದ್ದವು. ಅವುಗಳ ಮೂಲಕ ಅದು ಗಾಳಿಯ ಒತ್ತಡವನ್ನು ಅರಿಯುತ್ತಿತ್ತು. ಇಂಥ ಇಂದಿನ ಸಾಧನಗಳಲ್ಲಿ ಸನ್ನೆ, ಮುಳ್ಳು ಇರುವುದಿಲ್ಲ. ಎಷ್ಟೋ ಸಾಧನಗಳಲ್ಲಿ ಡಬ್ಬಿಯ ಜಾಗದಲ್ಲಿ ಉಗುರಿಗಿಂತ ಚಿಕ್ಕದಾದ ಸಿಲಿಕಾನ್ ಪೊರೆ ಬಂದಿದೆ. ಅದು ಬಾಗಿದ್ದನ್ನು ವಿದ್ಯುತ್ತು ತಿಳಿಸುತ್ತದೆ. ಆದರೆ ತತ್ವ ಬದಲಾಗಿಲ್ಲ. ಒತ್ತಡಕ್ಕೆ ಸ್ವಲ್ಪ ಬಾಗಬೇಕು, ಒತ್ತಡ ಹೋದ ಮೇಲೆ ಮೊದಲಿನಂತಾಗಬೇಕು, ಎಷ್ಟು ಬಾಗಿದೆ ಎಂದು ಅಳೆಯಬೇಕು. ವೀಡಿ ಕೋರ್ಟಿನಲ್ಲಿ ತನ್ನದೆಂದು ಹೋರಾಡಿದ ತತ್ವ ಇಂದು ಎಲ್ಲರದೂ ಆಗಿದೆ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಅಗಲ ಬಾಯಿಯ ಗಾಜಿನ ಸೀಸೆ, ಒಂದು ಬಲೂನು, ದಾರ, ಒಣ ಹುಲ್ಲಿನ ಉದ್ದ ಕಡ್ಡಿ, ಅಂಟು, ರಟ್ಟು.

ಬಲೂನನ್ನು ಕತ್ತರಿಸಿ ಸೀಸೆಯ ಬಾಯಿಗೆ ಬಿಗಿಯಾಗಿ ಎಳೆದು ದಾರದಿಂದ ಕಟ್ಟಿ. ರಬ್ಬರಿನ ನಡುವೆ ಕಡ್ಡಿಯ ಒಂದು ತುದಿಯನ್ನು ಅಂಟಿಸಿ. ಕಡ್ಡಿ ಸೀಸೆಯ ಅಂಚಿನ ಮೇಲೆ ಮಲಗಿ, ಇನ್ನೊಂದು ತುದಿ ಹೊರಗೆ ಚಾಚಿರಲಿ. ಆ ತುದಿಯ ಹಿಂದೆ ರಟ್ಟು ನಿಲ್ಲಿಸಿ ಗೆರೆಗಳನ್ನು ಬರೆಯಿರಿ. ಬಿಸಿಲು ಬೀಳದ ಜಾಗದಲ್ಲಿ ಇಟ್ಟು, ದಿನವೂ ಒಂದೇ ಹೊತ್ತಿಗೆ ಕಡ್ಡಿಯ ತುದಿ ಎಲ್ಲಿದೆ ಎಂದು ಗುರುತು ಹಾಕಿ. ಗಾಳಿಯ ಒತ್ತಡ ಹೆಚ್ಚಿದರೆ ರಬ್ಬರು ಒಳಗೆ ಹೋಗುತ್ತದೆ, ಕಡ್ಡಿಯ ಹೊರತುದಿ ಮೇಲೇಳುತ್ತದೆ.

ಈಗ ಸೀಸೆಯನ್ನು ಎರಡೂ ಅಂಗೈಗಳಿಂದ ಸ್ವಲ್ಪ ಹೊತ್ತು ಹಿಡಿದು ನೋಡಿ. ಹೊರಗಿನ ಒತ್ತಡ ಬದಲಾಗದಿದ್ದರೂ ಕಡ್ಡಿಯ ತುದಿ ಕೆಳಗಿಳಿಯುತ್ತದೆ. ಸೀಸೆಯೊಳಗಿನ ಗಾಳಿ ಕಾದು ಹಿಗ್ಗಿದ್ದೇ ಕಾರಣ. ವೀಡಿ ತನ್ನ ಡಬ್ಬಿಯಿಂದ ಗಾಳಿಯನ್ನು ಏಕೆ ತೆಗೆದ ಎಂಬುದು ಈಗ ಹೊಳೆಯಿತೆ?

ಯೋಚಿಸಿ

1. ವಿಮಾನ ಹಾರುವ ಮೊದಲು ಪೈಲಟ್ ಎತ್ತರ ಮಾಪಕವನ್ನು ಆ ದಿನದ ಗಾಳಿಯ ಒತ್ತಡಕ್ಕೆ ಹೊಂದಿಸಿಕೊಳ್ಳಬೇಕು. ಏಕೆ?

2. ಮಳೆ ಗಾಳಿಯ ದಿನ ಒತ್ತಡ ಇಳಿದಿದ್ದರೆ, ನೆಲದ ಮೇಲೇ ನಿಂತ ವಿಮಾನದ ಎತ್ತರ ಮಾಪಕ ಹೆಚ್ಚು ತೋರಿಸುತ್ತದೆಯೋ, ಕಡಿಮೆಯೋ?

3. ನಿಮ್ಮ ಊರಿನಲ್ಲಿ ಮುಳ್ಳಿನ ಒತ್ತಡ ಮಾಪಕ ಎಲ್ಲೆಲ್ಲಿ ಇದೆ? ಪಂಕ್ಚರ್ ಅಂಗಡಿ, ಗಿರಣಿ, ಆಸ್ಪತ್ರೆಗಳಲ್ಲಿ ಹುಡುಕಿ. ಹಿರಿಯರನ್ನು ಕೇಳಿ ಪಟ್ಟಿ ಮಾಡಿ.